ಹತ್ತು ನಿಮಿಷದಲ್ಲಿ ಸರಿಹೋದ ಕೈ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, 64 ವರ್ಷ. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವಾಗ ಬಲಗೈಲಿದ್ದ ಕಾಯಿ ಜಾರಿ ಬಿತ್ತಂತೆ. ಎತ್ತಿಕೊಳ್ಳಲು ಹೋದರೆ ಬೆರಳು ಮಡಚಲಿಲ್ಲ, ಮಾತು ತೊದಲಿತು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಪಿತ್ತ ಇರಬೇಕು ಅಂತ ಕಷಾಯ ಕುಡಿದು ಸುಮ್ಮನಾದರು. ಶಿವಮೊಗ್ಗದ ನನ್ನ ಸ್ಕ್ಯಾನಿಂಗ್ ಕೋಣೆಗೆ ಬಂದದ್ದು ನಾಲ್ಕನೇ ದಿನ, ಮಗನ ಒತ್ತಾಯಕ್ಕೆ.

ಬಲಗೈ ಅಂದರೆ ಮಿದುಳಿನ ಎಡಭಾಗ. ಹಾಗಾಗಿ ಕುತ್ತಿಗೆಯ ಎಡಗಡೆಯಿಂದಲೇ ಶುರು ಮಾಡಿದೆ. ಭುಜದ ಕೆಳಗೆ ಟವೆಲ್ ಮಡಚಿಟ್ಟು, ಮುಖ ಬಲಕ್ಕೆ ತಿರುಗಿಸಿ, ಜೆಲ್ ಹಚ್ಚಿ, ಪ್ರೋಬನ್ನು ಕೆಳಗಿನಿಂದ ಮೆಲ್ಲಗೆ ಮೇಲೆ ತಂದೆ. ಗಂಟಲುಮಣಿಯ ಎತ್ತರದ ಆಸುಪಾಸಿನಲ್ಲಿ ಕೆರೋಟಿಡ್ ರಕ್ತನಾಳ ಕವಲೊಡೆಯುತ್ತದೆ. ಒಂದು ಕವಲು ಮುಖಕ್ಕೆ, ಇನ್ನೊಂದು ಮಿದುಳಿಗೆ. ರಕ್ತ ಸುಳಿ ಸುತ್ತುವ ಜಾಗ ಅದು, ಕೊಬ್ಬು ಕಟ್ಟುವುದೂ ಅಲ್ಲೇ ಜಾಸ್ತಿ. ತೋಟದ ಪೈಪಿನ ಬಾಯಿ ಬೆರಳಿಂದ ಒತ್ತಿದರೆ ನೀರು ಚಿಮ್ಮುತ್ತದೆ ಅಲ್ವಾ, ಕಿರಿದಾದ ನಾಳದಲ್ಲಿ ರಕ್ತವೂ ಹಾಗೇ. ರಕ್ತದ ಓಟ ಅಳೆಯುವ ಡಾಪ್ಲರ್ ಸ್ಕ್ಯಾನಿನಲ್ಲಿ ಅದರ ವೇಗ ಸೆಕೆಂಡಿಗೆ 125 ಸೆಂಟಿಮೀಟರ್ ಒಳಗಿದ್ದರೆ ನೆಮ್ಮದಿ. 230 ದಾಟಿದರೆ ನಾಳ 70 ಪರ್ಸೆಂಟಿಗಿಂತ ಜಾಸ್ತಿ ಕಟ್ಟಿದೆ ಅಂತ ಲೆಕ್ಕ. ಇವರದ್ದು 310.

"ಕೊಯ್ಲು ಮುಗಿಸ್ಕೊಂಡು ಬರ್ತೀನಿ ಡಾಕ್ಟ್ರೇ, ಈಗ ಏನೂ ಇಲ್ವಲ್ಲ" ಅಂದರು.

ಏನೂ ಇಲ್ಲ ಅನ್ನಿಸುವ ಈ ದಿನಗಳೇ ಅಪಾಯದವು. ಕೊಬ್ಬಿನ ಚೂರೋ, ಅದರ ಮೇಲೆ ಹೆಪ್ಪುಗಟ್ಟಿದ ರಕ್ತವೋ ಕಿತ್ತು ಮಿದುಳಿಗೆ ಹೋದರೆ ಲಕ್ವ. ಆ ಹತ್ತು ನಿಮಿಷ ಅದರ ಮುನ್ಸೂಚನೆ. ಹಿಂದೊಮ್ಮೆ ಇಂಥದ್ದೇ ರಿಪೋರ್ಟನ್ನು ಲಕೋಟೆಯಲ್ಲಿಟ್ಟು ಕಳಿಸಿದ್ದೆ. ಅದು ಡಾಕ್ಟರ ಕೈ ಸೇರುವ ಮೊದಲೇ ಆ ಅಮ್ಮನಿಗೆ ಒಂದು ಪಕ್ಕ ಬಿದ್ದುಹೋಗಿತ್ತು. ಅಂದಿನಿಂದ ರೋಗಿ ಮಂಚ ಇಳಿಯುವ ಮೊದಲು ನಾನೇ ಫೋನ್ ಮಾಡುತ್ತೇನೆ.

ಅವತ್ತೂ ಮಾಡಿದೆ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು 1991ರ ಅಮೆರಿಕ-ಕೆನಡಾ ಅಧ್ಯಯನದ ಲೆಕ್ಕ ಹೇಳಿದೆ. ಹೀಗೆ ಕೈ ಸೋತವರಲ್ಲಿ, ಅಥವಾ ಒಂದು ಕಣ್ಣಿಗೆ ಪರದೆ ಇಳಿದಂತೆ ಕತ್ತಲಾದವರಲ್ಲಿ, ನಾಳ ಇಷ್ಟು ಕಟ್ಟಿದ್ದರೆ ಎರಡು ವರ್ಷದೊಳಗೆ ಅದೇ ಕಡೆ ಸ್ಟ್ರೋಕ್ ಆದದ್ದು ಬರೀ ಮಾತ್ರೆಯವರಲ್ಲಿ 100ಕ್ಕೆ 26, ಆಪರೇಷನ್ ಆದವರಲ್ಲಿ 9. ಆಪರೇಷನ್ ಎರಡು ವಾರದೊಳಗೆ ಆದರೆ ಲಾಭ ಹೆಚ್ಚು. "ಕೊಯ್ಲು ನಾನು ನೋಡ್ಕೋತೀನಿ ಅಪ್ಪಯ್ಯ" ಅಂದ ಮಗ.

ಆಸ್ಪಿರಿನ್ ಮತ್ತು ಕೊಲೆಸ್ಟ್ರಾಲ್ ಮಾತ್ರೆ ಅಂದೇ ಶುರುವಾಯಿತು. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋದರು. ಒಂಬತ್ತನೇ ದಿನ ನಾಳ ತೆರೆದು ಕೊಬ್ಬು ಕೆರೆದು ತೆಗೆದರು. ಕೆಲವರಿಗೆ ನಾಳ ತೆರೆದಿಡುವ ಜಾಲರಿ ಕೊಳವೆ, ಅಂದರೆ ಸ್ಟೆಂಟ್ ಹಾಕುತ್ತಾರೆ, ಇವರಿಗೆ ಬೇಕಾಗಲಿಲ್ಲ.

ತಿಂಗಳ ಮೇಲೆ ಮತ್ತೆ ನೋಡಿದಾಗ ವೇಗ 90. ಎಲೆಅಡಿಕೆ ಜೊತೆಗಿನ ಹೊಗೆಸೊಪ್ಪು ಬಿಟ್ಟಿದ್ದಾರೆ. ಬಲಗಡೆಯ ನಾಳ ಅರ್ಧಕ್ಕಿಂತ ಕಡಿಮೆ ಕಟ್ಟಿದೆ. ಅದಕ್ಕೆ ಮಾತ್ರೆ ಸಾಕು, ವರ್ಷಕ್ಕೊಮ್ಮೆ ನಾನೇ ನೋಡುತ್ತೇನೆ.