ವಾಲ್ವ್ ಬದಲಿಸಬೇಕು ಅಂದರೆ: ಎಕೋ ರಿಪೋರ್ಟ್‌ನಿಂದ ಐಎನ್‌ಆರ್ ಚೀಟಿವರೆಗೆ

'ಮೆಟ್ಟಿಲು ಹತ್ತಿದರೆ ಏದುಸಿರು. ವಯಸ್ಸಾಯ್ತಲ್ಲ ಬಿಡಿ.' ಈ ಮಾತು ಕೇಳದ ಮನೆಯೇ ಇಲ್ಲ. ಆದರೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್ ರಿಪೋರ್ಟ್‌ನಲ್ಲಿ 'ಸಿವಿಯರ್ ಎಎಸ್' (ಅಯೋರ್ಟಿಕ್ ಸ್ಟೆನೋಸಿಸ್, ವಾಲ್ವ್ ತೀವ್ರವಾಗಿ ಕಿರಿದಾಗಿದೆ) ಎಂದು ಬಂದಿದ್ದರೆ ಆ ಏದುಸಿರನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುವ ಹಾಗಿಲ್ಲ.

ಹೃದಯದ ಎಡ ಕೋಣೆಯಿಂದ ಮೈಗೆಲ್ಲ ರಕ್ತ ಹೋಗುವ ಜಾಗದಲ್ಲಿ ಅಯೋರ್ಟಿಕ್ ವಾಲ್ವ್ ಇದೆ. ಒಂದೇ ಕಡೆಗೆ ತೆರೆಯುವ ಬಾಗಿಲು ಎನ್ನಿ. ಅದಕ್ಕೆ ಮೂರು ತೆಳು ಎಸಳು. ವಯಸ್ಸಾದಂತೆ ಅದರ ಮೇಲೆ ಕ್ಯಾಲ್ಸಿಯಂ ಕೂತು ಗಟ್ಟಿಯಾಗುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ಹುಟ್ಟಿನಿಂದಲೇ ಎರಡೇ ಎಸಳು ಇರುತ್ತವೆ. ಅವರ ವಾಲ್ವ್ ಬೇಗ ಕೆಡುತ್ತದೆ. ನಮ್ಮಲ್ಲಿ ಚಿಕ್ಕಂದಿನ ಗಂಟಲು ಸೋಂಕು, ಅದರ ಹಿಂದೆ ಬರುವ ರುಮ್ಯಾಟಿಕ್ ಜ್ವರವೂ ಇನ್ನೂ ಕಾರಣವಾಗುತ್ತಿದೆ.

ಮೊದಲು ರಿಪೋರ್ಟ್ ಓದಿ

ಮೂರು ಅಂಕಿ ಹುಡುಕಿ. ಸರಿಯಾದ ವಾಲ್ವ್ 3ರಿಂದ 4 ಚದರ ಸೆಂ.ಮೀ. ತೆರೆಯುತ್ತದೆ. ಅದು 1ಕ್ಕೆ ಇಳಿದಿದ್ದರೆ, ರಕ್ತ ನುಗ್ಗುವ ವೇಗ ಸೆಕೆಂಡಿಗೆ 4 ಮೀಟರ್ ದಾಟಿದ್ದರೆ, ಮೀನ್ ಗ್ರೇಡಿಯೆಂಟ್ (ವಾಲ್ವ್‌ನ ಎರಡು ಬದಿಯ ಒತ್ತಡದ ಸರಾಸರಿ ಅಂತರ) 40 ಮುಟ್ಟಿದ್ದರೆ ಕಾಯಿಲೆ ತೀವ್ರವಾಗಿದೆ ಎಂದರ್ಥ. ಹೃದಯದ ಪಂಪಿಂಗ್ ಕುಗ್ಗಿದವರಲ್ಲಿ ವೇಗ, ಗ್ರೇಡಿಯೆಂಟ್ ಎರಡೂ ಕಡಿಮೆ ತೋರಿಸಿ ಮೋಸ ಮಾಡಬಹುದು. ಆಗ ಸಿಟಿ ಸ್ಕ್ಯಾನ್ ಅಥವಾ ಹೃದಯ ಜೋರಾಗಿ ಬಡಿಯುವಂತೆ ಔಷಧಿ ಕೊಟ್ಟು ಮಾಡುವ ಡೊಬುಟಮಿನ್ ಎಕೋ ಹೇಳುತ್ತಾರೆ. 'ಎಆರ್' ಎಂದಿದ್ದರೆ ಅದು ವಾಲ್ವ್ ಸೋರುವ ಕಾಯಿಲೆ. ಅದರ ಲೆಕ್ಕ ಬೇರೆ.

ಆಮೇಲೆ ಅಪ್ಪನನ್ನು ಸರಿಯಾಗಿ ಕೇಳಿ

'ಸುಸ್ತಾಗುತ್ತಾ?' ಅಂದರೆ 'ಏನೂ ಇಲ್ಲ' ಅನ್ನುತ್ತಾರೆ. ನಿಜವೇ, ಸುಸ್ತಾಗುವ ಕೆಲಸವನ್ನೇ ಬಿಟ್ಟಿರುತ್ತಾರೆ. 'ಹೋದ ದೀಪಾವಳಿಗೆ ದೇವಸ್ಥಾನಕ್ಕೆ ನಡೆದೇ ಹೋಗುತ್ತಿದ್ದಿರಲ್ಲ, ಈಗ ಯಾಕೆ ಆಟೋ?' ಎಂದು ಕೇಳಿ. ಏದುಸಿರು, ಎದೆನೋವು, ತಲೆ ತಿರುಗಿ ಬೀಳುವುದು, ಈ ಮೂರರಲ್ಲಿ ಒಂದಿದ್ದರೂ ಡಾಕ್ಟರ್‌ಗೆ ಹೇಳಲೇಬೇಕು. ಲಕ್ಷಣ ಶುರುವಾದ ಮೇಲೆ ವಾಲ್ವ್ ಬದಲಿಸದೆ ಬಿಟ್ಟರೆ ಸರಾಸರಿ ಎರಡರಿಂದ ಐದು ವರ್ಷ, ಅಷ್ಟೇ. ಕ್ಯಾಲ್ಸಿಯಂ ಕರಗಿಸುವ ಮಾತ್ರೆ ಇಲ್ಲ. ಕೊಲೆಸ್ಟ್ರಾಲ್ ಮಾತ್ರೆಯಿಂದ ಆಗುತ್ತದೇನೋ ಎಂದು ಪರೀಕ್ಷಿಸಿ ನೋಡಿಯೂ ಆಗಿದೆ, ಪ್ರಯೋಜನವಾಗಲಿಲ್ಲ. ಹಾಗಾಗಿ ಕಷಾಯ, ಪಥ್ಯ ಅಂತ ಸುಮ್ನೆ ಆರು ತಿಂಗಳು ಕಳೆಯಬೇಡಿ. ಎದೆನೋವು ಬಂತೆಂದು ಪಕ್ಕದ ಮನೆಯವರ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಿಗೆ ಕೆಳಗೆ ಇಡುವುದೂ ಬೇಡ. ಈ ಕಾಯಿಲೆಯಲ್ಲಿ ಬಿಪಿ ದಿಢೀರನೆ ಕುಸಿಯಬಹುದು.

ಯಾವ ವಾಲ್ವ್?

ಇಲ್ಲಿ ನಿಧಾನವಾಗಿ ಯೋಚಿಸಿ. ಇದನ್ನು ಡಾಕ್ಟರ್ ಒಬ್ಬರೇ ತೀರ್ಮಾನಿಸಲು ಆಗದು. ಮನೆಯವರು ಕೂತು ಮಾತಾಡಬೇಕು.

ಮೆಟಲ್ ವಾಲ್ವ್ ಸವೆಯುವುದು ತೀರಾ ಕಡಿಮೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯಥಾನ್ ತಂಡ ರೂಪಿಸಿದ ಚಿತ್ರಾ ವಾಲ್ವ್ ಈ ಬಗೆಯದು. 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಿದರು. ವಿದೇಶಿ ವಾಲ್ವ್ ಕೊಳ್ಳಲಾಗದ ಎಷ್ಟೋ ಮನೆಗಳಿಗೆ ಅದು ಆಸರೆಯಾಯಿತು. ಆದರೆ ಮೆಟಲ್ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಅದಕ್ಕೆ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ಜೀವನಪೂರ್ತಿ ಬೇಕು, ಜೊತೆಗೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಐಎನ್‌ಆರ್ ರಕ್ತಪರೀಕ್ಷೆ. 'ಪರೀಕ್ಷೆ ಬೇಡದ ಹೊಸ ಮಾತ್ರೆ ಇದೆಯಲ್ಲ' ಎನ್ನುವವರಿದ್ದಾರೆ. ಮೆಟಲ್ ವಾಲ್ವ್‌ಗೆ ಅವು ಆಗುವುದಿಲ್ಲ.

ಟಿಶ್ಯೂ ವಾಲ್ವ್ ಹಸುವಿನ ಹೃದಯದ ಹೊರಪೊರೆಯಿಂದ ಅಥವಾ ಹಂದಿಯ ವಾಲ್ವ್‌ನಿಂದ ಆದದ್ದು. ಇದಕ್ಕೆ ಜೀವನಪೂರ್ತಿ ವಾರ್ಫರಿನ್ ಬೇಕಾಗುವುದಿಲ್ಲ. ಆದರೆ ಸುಮಾರು 10ರಿಂದ 15 ವರ್ಷಕ್ಕೆ ಸವೆಯಬಹುದು. ವಯಸ್ಸು ಚಿಕ್ಕದಾದಷ್ಟೂ ಬೇಗ ಸವೆಯುತ್ತದೆ. ಹಸು, ಹಂದಿ ಎಂದರೆ ಕೆಲವು ಮನೆಗಳಲ್ಲಿ ತಕರಾರು ಏಳುತ್ತದೆ. ಸಂಕೋಚಪಡದೆ ಮೊದಲೇ ಕೇಳಿ. ಆಪರೇಷನ್ ಹಿಂದಿನ ರಾತ್ರಿ ಗೊತ್ತಾಗಿ ಗಲಾಟೆಯಾಗುವುದಕ್ಕಿಂತ ಅದು ವಾಸಿ ಅಲ್ವಾ?

ಐವತ್ತರೊಳಗಿನವರಿಗೆ ಸಾಮಾನ್ಯವಾಗಿ ಮೆಟಲ್, ಅರವತ್ತೈದು ದಾಟಿದವರಿಗೆ ಟಿಶ್ಯೂ ಎನ್ನುತ್ತಾರೆ. ನಾನು ವಯಸ್ಸಿನ ಜೊತೆ ಇನ್ನೂ ಮೂರು ವಿಷಯ ಸೇರಿಸುತ್ತೇನೆ. ಐಎನ್‌ಆರ್ ಮಾಡುವ ಲ್ಯಾಬ್ ನಿಮ್ಮೂರಿಗೆ ಎಷ್ಟು ದೂರ? ಕುಡುಗೋಲು, ಮಚ್ಚು ಹಿಡಿಯುವ ಕೆಲಸವೇ? ಮುಂದೆ ಮಗು ಬೇಕೆಂದಿರುವ ಹೆಣ್ಣುಮಗಳೇ? ವಾರ್ಫರಿನ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದು.

ಎದೆ ತೆರೆಯುವುದೋ, ತೊಡೆಸಂದಿಯಿಂದಲೋ?

ತೆರೆದ ಆಪರೇಷನ್‌ನಲ್ಲಿ ಎದೆಮೂಳೆ ಸೀಳಿ, ರಕ್ತವನ್ನು ಹಾರ್ಟ್-ಲಂಗ್ ಯಂತ್ರಕ್ಕೆ ತಿರುಗಿಸಿ, ಪೊಟ್ಯಾಷಿಯಂ ಇರುವ ತಣ್ಣನೆಯ ದ್ರಾವಣದಿಂದ ಹೃದಯವನ್ನು ನಿಲ್ಲಿಸುತ್ತಾರೆ. ಹಳೆಯ ಎಸಳು ಕತ್ತರಿಸಿ, ಕ್ಯಾಲ್ಸಿಯಂ ತೆಗೆದು, ಅಳತೆ ನೋಡಿ ಹೊಸದನ್ನು ಹೊಲಿಯುತ್ತಾರೆ. ರಕ್ತನಾಳದಲ್ಲಿ ಬ್ಲಾಕ್ ಇದ್ದರೆ ಬೈಪಾಸ್ ಕೂಡ ಅದೇ ಹೊತ್ತಿಗೆ ಮುಗಿಯುತ್ತದೆ.

ಇನ್ನೊಂದು ದಾರಿ ಟಾವಿ, ಅಂದರೆ ಎದೆ ತೆರೆಯದೆ ವಾಲ್ವ್ ಕೂರಿಸುವುದು. ಫ್ರಾನ್ಸಿನ ರುವಾಂ ನಗರದಲ್ಲಿ ಡಾ. ಅಲೆನ್ ಕ್ರಿಬಿಯೆ 2002ರ ಏಪ್ರಿಲ್‌ನಲ್ಲಿ ಮೊದಲು ಮಾಡಿದ್ದು. ಮಡಚಿದ ಟಿಶ್ಯೂ ವಾಲ್ವ್ ಅನ್ನು ತೊಡೆಸಂದಿಯ ರಕ್ತನಾಳದಿಂದ ಮೇಲಕ್ಕೆ ಒಯ್ಯುತ್ತಾರೆ. ಬಲೂನ್ ಬಗೆಯದಾದರೆ ಹೃದಯವನ್ನು ಕೆಲವು ಸೆಕೆಂಡು ಮಾತ್ರ ನಿಮಿಷಕ್ಕೆ 180ರ ಆಸುಪಾಸಿನಲ್ಲಿ ಓಡಿಸುತ್ತಾರೆ. ಅಷ್ಟು ವೇಗದಲ್ಲಿ ರಕ್ತದ ನೂಕು ಕುಗ್ಗುತ್ತದೆ, ವಾಲ್ವ್ ಜಾರುವುದಿಲ್ಲ. ಆ ಗಳಿಗೆಯಲ್ಲೇ ಬಲೂನ್ ಉಬ್ಬಿಸಿದರೆ ಹೊಸದು ಅಗಲವಾಗಿ, ಹಳೆಯದನ್ನು ಗೋಡೆಗೆ ಒತ್ತಿ ಕೂರುತ್ತದೆ. ಅನೇಕರಿಗೆ ಪೂರ್ತಿ ಅರಿವಳಿಕೆಯೂ ಬೇಕಾಗುವುದಿಲ್ಲ, ಕೆಲವೇ ದಿನಕ್ಕೆ ಮನೆ.

ಹಾಗಂತ ಟಾವಿ ಎಲ್ಲರಿಗೂ ಅಲ್ಲ. ಕೆಲವರಿಗೆ ಆಮೇಲೆ ಪೇಸ್‌ಮೇಕರ್ ಹಾಕಬೇಕಾಗುತ್ತದೆ, ಅಂಚಿನಲ್ಲಿ ಸೋರಿಕೆ ಉಳಿಯಬಹುದು. ವಾಲ್ವ್‌ಗೇ ಹಲವು ಲಕ್ಷ ರೂಪಾಯಿ. ಗುಜರಾತಿನ ವಾಪಿಯ ಕಂಪನಿಯ ಮೈವಾಲ್‌ನಂಥ ದೇಶಿ ವಾಲ್ವ್‌ಗಳೂ ಈಗ ಇವೆ. ಎಂಬತ್ತು ದಾಟಿದವರಿಗೆ, ದೊಡ್ಡ ಆಪರೇಷನ್ ತಡೆಯದವರಿಗೆ ಟಾವಿಯೇ ಮೇಲು. ಅರವತ್ತೈದರೊಳಗೆ ಗಟ್ಟಿಮುಟ್ಟಾಗಿದ್ದರೆ ತೆರೆದ ಆಪರೇಷನ್. ನಡುವಿನವರು ಸರ್ಜನ್, ಕಾರ್ಡಿಯಾಲಜಿಸ್ಟ್ ಇಬ್ಬರನ್ನೂ ಕಾಣಲಿ. ಒಬ್ಬರ ಮಾತಿನ ಮೇಲೆ ಸಹಿ ಹಾಕಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಯಾವುದು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ವಿಚಾರಿಸಿ.

ಆಪರೇಷನ್‌ನ ದಿನ ಗೊತ್ತಾದ ಕೂಡಲೇ ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ. ಹುಳುಕು ಹಲ್ಲಿನ ಸೋಂಕು ಹೊಸ ವಾಲ್ವ್‌ಗೆ ಹತ್ತಬಹುದು.

ಮನೆಗೆ ಬಂದ ಮೇಲೆ

ಎದೆ ತೆರೆದಿದ್ದರೆ ಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಬಿಂದಿಗೆ ಎತ್ತುವುದು, ಸ್ಕೂಟರ್ ಓಡಿಸುವುದು ಬೇಡ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಒತ್ತಿ ಹಿಡಿಯಿರಿ. ಮೆಟಲ್ ವಾಲ್ವ್‌ನ ಟಿಕ್ ಟಿಕ್ ಸದ್ದು ರಾತ್ರಿ ಕೇಳಿಸಬಹುದು, ಹೆದರಬೇಡಿ.

ವಾರ್ಫರಿನ್ ನುಂಗುವವರ ಐಎನ್‌ಆರ್ ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು. ನಿಮ್ಮ ಗುರಿ ಎಷ್ಟೆಂದು ಚೀಟಿಯ ಮೇಲೆ ಬರೆಸಿಕೊಳ್ಳಿ. ಮಾತ್ರೆ ದಿನಾ ಒಂದೇ ಹೊತ್ತಿಗೆ. ಸೊಪ್ಪು ಬಿಡಬೇಕಿಲ್ಲ, ಆದರೆ ಒಂದು ವಾರ ದಿನಾ ಬಸ್ಸಾರು, ಮುಂದಿನ ವಾರ ಸೊಪ್ಪೇ ಇಲ್ಲ ಎಂದಾದರೆ ಐಎನ್‌ಆರ್ ಏರುಪೇರಾಗುತ್ತದೆ. ಮಂಡಿನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತರುವುದು ಜಾಸ್ತಿ ಅಪಾಯ, ರಕ್ತಸ್ರಾವವಾಗಬಹುದು. ಮುಂದೆ ಹಲ್ಲು ಕೀಳಿಸುವಾಗ ವಾಲ್ವ್ ಹಾಕಿಸಿಕೊಂಡಿದ್ದೇನೆ ಎಂದು ಹೇಳಿ. ಮೊದಲೇ ಆಂಟಿಬಯಾಟಿಕ್ ಕೊಡುತ್ತಾರೆ. ಜ್ವರ ಎರಡು-ಮೂರು ದಿನ ಬಿಡದಿದ್ದರೆ ಮೆಡಿಕಲ್ ಶಾಪ್‌ನ ಆಂಟಿಬಯಾಟಿಕ್ ನುಂಗಬೇಡಿ. ವಾಲ್ವ್ ಹಾಕಿದ ಆಸ್ಪತ್ರೆಗೆ ಹೋಗಿ ಮೊದಲು ಬ್ಲಡ್ ಕಲ್ಚರ್ ಮಾಡಿಸಿ. ಮಾತ್ರೆ ಹೊಟ್ಟೆಗೆ ಬಿದ್ದ ಮೇಲೆ ರೋಗಾಣು ಯಾವುದೆಂದು ಪತ್ತೆ ಹಚ್ಚುವುದು ಕಷ್ಟ.