ಡೆಸ್ಕ್‌ಟಾಪಲ್ಲಿ ಕನ್ನಡ ಅಕ್ಷರ ಮಸುಕು ಮಸುಕಾಗಿ ಕಾಣ್ತಿದ್ರೆ ಹೀಗ್ ಮಾಡಿ

ನಮ್ ಕೊಡಗಲ್ಲಿ ಎಷ್ಟೋ ಮನೇಲಿ ಹಳೇ ಡೆಸ್ಕ್‌ಟಾಪ್ ಇನ್ನೂ ಓಡ್ತಾ ಇದೆ, ತೋಟದ ಲೆಕ್ಕ, ಪಹಣಿ, ಕಾಫಿ ರೇಟು ಎಲ್ಲಾ ಅದ್ರಲ್ಲೇ ನೋಡೋದು, ದೊಡ್ಡವ್ರು ಅಕ್ಷರ ಕಾಣಲ್ಲ ಅಂದ ತಕ್ಷಣ ಮಕ್ಳು ಹೋಗಿ ರೆಸಲ್ಯೂಷನ್, ಅಂದ್ರೆ ಸ್ಕ್ರೀನಲ್ಲಿ ಎಷ್ಟು ಚುಕ್ಕಿಲಿ ಚಿತ್ರ ಮೂಡ್ಬೇಕು ಅನ್ನೋ ಲೆಕ್ಕ, ಕಮ್ಮಿ ಮಾಡ್ಬಿಡ್ತಾರೆ. ದಯವಿಟ್ಟು ಅದೊಂದು ಮಾಡ್ಬೇಡಿ.

ಯಾಕಂದ್ರೆ ಎಲ್‌ಸಿಡಿ ಮಾನಿಟರಲ್ಲಿ ಚುಕ್ಕಿಗಳ ಲೆಕ್ಕ ಫಿಕ್ಸ್. 1920×1080 ಇರೋ ಸ್ಕ್ರೀನನ್ನ 1280×720ಗೆ ಇಳಿಸಿದ್ರೆ ಒಂದು ಚುಕ್ಕಿನ ಒಂದೂವರೆ ಚುಕ್ಕಿ ಜಾಗಕ್ಕೆ ಎಳೀಬೇಕು, ಅಂಚೆಲ್ಲಾ ಹರಡ್ಕೊಳ್ಳುತ್ತೆ. ಇಂಗ್ಲಿಷ್ ಆದ್ರೆ ಹೇಗೋ ಓದ್ಕೋಬಹುದು, ಕನ್ನಡದಲ್ಲಿ ಪೊನ್ನಂಪೇಟೆ, ಗೋಣಿಕೊಪ್ಪಲು ಅಂತ ಬರೆದಿದ್ರೆ ಕೆಳಗಿನ ಒತ್ತೇ ಕರಗಿ ಹೋಗುತ್ತೆ, ದ ಯಾವ್ದು ಧ ಯಾವ್ದು ಗೊತ್ತಾಗಲ್ಲ, ಎರಡಕ್ಕೂ ವ್ಯತ್ಯಾಸ ಇರೋದೇ ಕೆಳಗಿನ ಆ ಸಣ್ಣ ಗೀಟಲ್ಲಿ. ಪಹಣಿಲಿ ಹೆಸ್ರು ಓದೋವಾಗ ಇದು ಸಣ್ಣ ವಿಷ್ಯ ಅಲ್ಲ.

ವಿಂಡೋಸ್ ಇದ್ರೆ, ಸ್ಕ್ರೀನಲ್ಲಿ ಐಕಾನ್ ಇಲ್ಲದ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ. ಡಿಸ್‌ಪ್ಲೇ ರೆಸಲ್ಯೂಷನ್ ಅಂತ ಇರೋ ಕಡೆ ಯಾವುದರ ಪಕ್ಕ ರೆಕಮೆಂಡೆಡ್ ಅಂತ ಬರೆದಿದ್ಯೋ ಅದನ್ನೇ ಇಡಿ, ಕೀಪ್ ಚೇಂಜಸ್ ಒತ್ತಿ, ಒತ್ತದೇ ಬಿಟ್ರೆ ಸ್ವಲ್ಪ ಹೊತ್ತಲ್ಲಿ ಹಳೇದಕ್ಕೇ ವಾಪಸ್ ಹೋಗುತ್ತೆ. ಅಕ್ಷರ ದೊಡ್ಡದು ಮಾಡೋದು ಅಲ್ಲೇ ಇರೋ ಸ್ಕೇಲಲ್ಲಿ, 100% ಇರೋದನ್ನ 125% ಮಾಡಿ ನೋಡಿ, ಸಾಲಲ್ಲ ಅಂದ್ರೆ 150%. ಐಕಾನ್ ಎಲ್ಲಾ ಹಾಗೇ ಇದ್ದು ಬರೀ ಅಕ್ಷರ ಬೆಳೀಬೇಕಾ, ವಿಂಡೋಸ್ 11ರಲ್ಲಿ ಆಕ್ಸೆಸಿಬಿಲಿಟಿ ಒಳಗೆ ಟೆಕ್ಸ್ಟ್ ಸೈಜ್ ಇದೆ, 225% ತನಕ ಎಳೀಬಹುದು. ಬ್ರೌಸರಲ್ಲಿ ಮಾತ್ರ ಸಾಕು ಅಂದ್ರೆ ಕಂಟ್ರೋಲ್ ಹಿಡ್ಕೊಂಡು ಪ್ಲಸ್ ಒತ್ತಿ.

ಆಮೇಲೆ ಸ್ಟಾರ್ಟ್ ಮೆನುಲಿ ಕ್ಲಿಯರ್‌ಟೈಪ್ (ClearType) ಅಂತ ಇಂಗ್ಲಿಷಲ್ಲಿ ಹುಡುಕಿ ಓಪನ್ ಮಾಡಿ, ಅಕ್ಷರ ಸ್ಪಷ್ಟವಾಗಿ ಕಾಣೋ ಹಾಗೆ ಮಾಡೋ ಸೆಟ್ಟಿಂಗ್ ಅದು. ಒಂದೇ ಬರಹಾನ ಬೇರೆ ಬೇರೆ ಥರ ತೋರಿಸುತ್ತೆ, ಚೆನ್ನಾಗಿ ಕಾಣೋದನ್ನ ಆರಿಸ್ತಾ ಹೋಗೋದು. ಇದನ್ನ ನೀವ್ ಆರಿಸ್ಬೇಡಿ, ದಿನಾ ಅದ್ರ ಮುಂದೆ ಯಾರು ಕೂರ್ತಾರೋ ಅವ್ರನ್ನೇ ಕೂರಿಸಿ, ಅವ್ರ ಕನ್ನಡಕ ಹಾಕಿಸಿ ಆರಿಸೋಕೆ ಹೇಳಿ, ಅವ್ರ ಕಣ್ಣಿಗೆ ಸರಿ ಕಂಡಿದ್ದೇ ಸರಿ.

ಸ್ಕೇಲ್ ಏರಿಸಿದ್ಮೇಲೆ ಹಳೇ ಲೆಕ್ಕದ ಸಾಫ್ಟ್‌ವೇರ್ ಒಂದೇ ಮಸುಕಾದ್ರೆ ಗಾಬರಿ ಬೇಡ. ಅದ್ರ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್, ಅಲ್ಲಿ ಕೆಳಗೆ ಓವರ್‌ರೈಡ್‌ಗೆ ಟಿಕ್ ಹಾಕಿ ಸಿಸ್ಟಮ್ ಎನ್‌ಹ್ಯಾನ್ಸ್‌ಡ್ ಆರಿಸಿ, ಸುಮಾರು ಸಲ ಇದಕ್ಕೇ ಸರಿಹೋಗುತ್ತೆ.

ರೆಸಲ್ಯೂಷನ್ ಲಿಸ್ಟಲ್ಲಿ 1024×768 ಬಿಟ್ರೆ ಬೇರೇನೂ ಇಲ್ವಾ, ಹಾಗಾದ್ರೆ ಡಿವೈಸ್ ಮ್ಯಾನೇಜರಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ನೋಡಿ, ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತಿದ್ರೆ ಗ್ರಾಫಿಕ್ಸ್ ಡ್ರೈವರ್, ಅಂದ್ರೆ ಸ್ಕ್ರೀನಿಗೆ ಚಿತ್ರ ಕಳಿಸೋ ಭಾಗನ ನಡೆಸೋ ಸಾಫ್ಟ್‌ವೇರ್, ಕೂತಿಲ್ಲ, ಮೊದ್ಲು ಅದನ್ನ ಹಾಕಿ. ಇನ್ನು ನೀಲಿ ತಲೆಯ ಹಳೇ ವಿಜಿಎ ಕೇಬಲ್ ಇದ್ರೆ ಮಾನಿಟರಲ್ಲೇ ಆಟೋ ಅಡ್ಜಸ್ಟ್ ಬಟನ್ ಒತ್ತಿ, ಎಚ್‌ಡಿಎಂಐ ತೂತು ಕಂಪ್ಯೂಟರ್, ಮಾನಿಟರ್ ಎರಡರಲ್ಲೂ ಇದ್ರೆ ವಿಜಿಎ ಬಿಟ್ಟು ಎಚ್‌ಡಿಎಂಐ ಕೇಬಲ್ಲನ್ನೇ ಹಾಕಿ.