ಮಷಿನ್‌ನಲ್ಲಿ ಬರದ ದುಡ್ಡು ನೈಲಾನ್ ದಾರದಲ್ಲಿ ಬಂತು: ಅಫಿಲಿಯೇಟ್ ನಿಶ್ ಹುಡುಕಿದ ನನ್ನ ಅನುಭವ

ಅಫಿಲಿಯೇಟ್, ಅಂದ್ರೆ ನಮ್ಮ ಸೈಟಲ್ಲಿ ಕೊಟ್ಟ ಲಿಂಕಿಂದ ಯಾರಾದ್ರೂ ಏನಾದ್ರೂ ತಗೊಂಡ್ರೆ ಕಮಿಷನ್ ಸಿಗೋ ಕೆಲಸ, ಶುರು ಮಾಡ್ದಾಗ ಎಲ್ರೂ ಮಾಡೋದನ್ನೇ ನಾನೂ ಮಾಡ್ದೆ. "15,000 ಒಳಗಿನ ಬೆಸ್ಟ್ ಮೊಬೈಲ್", "ಬೆಸ್ಟ್ ಬ್ಲೂಟೂತ್ ಇಯರ್‌ಫೋನ್", ಹಿಂಗೆ. ಎಂಟು ತಿಂಗಳು ಆಫೀಸ್ ಮುಗಿಸಿ ಬಂದು ರಾತ್ರಿ ಒಂದು ಗಂಟೆವರೆಗೂ ಕೂತು ಬರೀತಿದ್ದೆ, ಅಷ್ಟೂ ತಿಂಗಳು ಸೇರಿ ಬಂದ ಕಮಿಷನ್ ಸೈಟನ್ನ ಇಂಟರ್ನೆಟ್ಟಲ್ಲಿ ಇಡೋ ಹೋಸ್ಟಿಂಗ್ ಖರ್ಚಿಗೂ ಸಾಕಾಗ್ಲಿಲ್ಲ. ಈಗ ನೋಡಿದ್ರೆ ಕಾರಣ ಸ್ಪಷ್ಟ ಇದೆ. ಮೊಬೈಲ್ ಕೆಟಗರಿಗೆ ಕಮಿಷನ್ ತೀರಾ ಕಡಿಮೆ, ನಾನು ಬರೆದ ಮಾಡೆಲ್ ನಾಲ್ಕು ತಿಂಗಳಿಗೆ ಹಳೇದಾಗ್ತಿತ್ತು, ಗೂಗಲ್ ಮೊದಲ ಪೇಜಲ್ಲಿ ಇದ್ದಿದ್ದೆಲ್ಲ ದೊಡ್ಡ ಟೆಕ್ ಸೈಟುಗಳು. ಅದಕ್ಕಿಂತ ಮುಖ್ಯವಾಗಿ ನಾನು ಆ ಫೋನ್ ಯಾವುದನ್ನೂ ಕೈಯಲ್ಲಿ ಹಿಡಿದು ನೋಡೇ ಇರ್ಲಿಲ್ಲ, ಸ್ಪೆಕ್ ಶೀಟ್ ನೋಡಿ ಬರೀತಿದ್ದೆ, ಓದೋರಿಗೆ ಅದು ಗೊತ್ತಾಗತ್ತೆ.

ನಿಶ್, ಅಂದ್ರೆ ಬರೆಯೋಕೆ ಆರಿಸ್ಕೊಳೋ ಒಂದು ಸಣ್ಣ ನಿರ್ದಿಷ್ಟ ವಿಷಯ, ಸಿಕ್ಕಿದ್ದು ತೀರ್ಥಹಳ್ಳಿ ಹತ್ರ ಚಿಕ್ಕಪ್ಪನ ತೋಟದಲ್ಲಿ. ಆಗಸ್ಟ್ ತಿಂಗಳು, ಅಡಿಕೆ ತೋಟದಲ್ಲಿ ಹುಲ್ಲು ಮೊಣಕಾಲು ದಾಟಿತ್ತು. ಚಿಕ್ಕಪ್ಪ ಹುಲ್ಲು ಕತ್ತರಿಸೋ ವೀಡ್ ಕಟರ್‌ನ ಕಟ್ಟೆ ಮೇಲೆ ಮಲಗಿಸ್ಕೊಂಡು ಬ್ಲೇಡ್ ತೆಗೆದು ನೈಲಾನ್ ದಾರದ ಹೆಡ್ ಹಾಕಕ್ಕೆ ಒದ್ದಾಡ್ತಿದ್ರು. ಸ್ಪ್ಯಾನರ್ ಹಾಕಿ ಎಷ್ಟು ತಿರುಗ್ಸಿದ್ರೂ ನಟ್ ಬಿಡ್ತಿಲ್ಲ. "ನಿನ್ ಮೊಬೈಲಲ್ಲಿ ಎಲ್ಲಾ ಬರ್ತದಲ, ಇದು ಬಿಚ್ಚದು ಹೆಂಗೆ ಅಂತ ನೋಡು ಮಾರಾಯ" ಅಂದ್ರು. ನಾನು ಹುಡುಕ್ದೆ. ಮಷಿನ್ ಮಾರೋ ಪೇಜ್ ನೂರಾರು ಬಂತು, ನಟ್ ಬಿಚ್ಚೋದು ಹೇಗೆ, ಈ ಮಷಿನಿಗೆ ಯಾವ ಹೆಡ್ ಕೂರತ್ತೆ ಅಂತ ಸರಿಯಾಗಿ ಹೇಳಿದ್ದು ಒಂದೂ ಸಿಗ್ಲಿಲ್ಲ. ಕೊನೆಗೆ ಪೇಟೆಯ ರಿಪೇರಿ ಅಂಗಡಿಗೆ ಹೊತ್ಕೊಂಡು ಹೋದ್ವಿ. ಅವರು ಗೇರ್ ಬಾಕ್ಸ್ ಪಕ್ಕದ ಸಣ್ಣ ತೂತಿಗೆ ಒಂದು ಕಂಬಿ ತೂರಿಸಿ ಶಾಫ್ಟ್ ಲಾಕ್ ಮಾಡಿ, ನಾವು ತಿರುಗಿಸ್ತಿದ್ದ ಕಡೆಗೆ ವಿರುದ್ಧವಾಗಿ ಒಂದು ಒತ್ತು ಕೊಟ್ರು, ಬಂತು. "ಉಲ್ಟಾ ಥ್ರೆಡ್ ಸಾರ್ ಇದು, ನೀವು ಬಿಚ್ತೀವಿ ಅನ್ಕೊಂಡು ಬಿಗಿ ಮಾಡ್ತಾ ಇದ್ರಿ. ದಿನಕ್ಕೆ ನಾಲ್ಕು ಜನ ಇದಕ್ಕೇ ಬರ್ತಾರೆ."

ಆ ದಿನಕ್ಕೆ ನಾಲ್ಕು ಜನ ಅನ್ನೋ ಮಾತು ನನ್ನ ತಲೇಲಿ ಕೂತ್ಬಿಡ್ತು.

ಆದ್ರೆ ಆಗ್ಲೂ ನಾನು ಅರ್ಧ ಮಾತ್ರ ಅರ್ಥ ಮಾಡ್ಕೊಂಡಿದ್ದೆ. ವೀಡ್ ಕಟರ್ ಮಷಿನ್ನೇ ನಿಶ್ ಅನ್ಕೊಂಡೆ. ಬೆಲೆ ಎಂಟತ್ತು ಸಾವಿರದಿಂದ ಮೇಲೆ, ಒಂದು ಮಾರಾಟ ಆದ್ರೂ ಒಳ್ಳೆ ಕಮಿಷನ್ ಬರತ್ತೆ ಅಂತ ಲೆಕ್ಕ ಹಾಕಿ, 2 ಸ್ಟ್ರೋಕ್ ಒಳ್ಳೇದಾ 4 ಸ್ಟ್ರೋಕಾ, ಬೆನ್ನಿಗೆ ಹಾಕೋದಾ ಸೈಡಿಗೆ ನೇತು ಹಾಕೋದಾ ಅಂತ ಹದಿನೈದು ಇಪ್ಪತ್ತು ಪೇಜ್ ಬರೆದೆ. ಜನ ಬಂದ್ರು, ಓದಿದ್ರು, ಲಿಂಕ್ ಒತ್ತಿದ್ರು ಕೂಡ. ಮಷಿನ್ ಆರ್ಡರ್ ಮಾತ್ರ ಇಲ್ಲ.

ಯಾಕೆ ಅಂತ ಚಿಕ್ಕಪ್ಪನ್ನೇ ಕೇಳ್ದೆ, ನೀವು ಮಷಿನ್ ಎಲ್ಲಿ ತಗೊಂಡ್ರಿ ಅಂತ. ಸಬ್ಸಿಡಿಲಿ ತಗೊಂಡಿದ್ದು ಅಂದ್ರು. ರೈತ ಸಂಪರ್ಕ ಕೇಂದ್ರಕ್ಕೆ ಅರ್ಜಿ ಹಾಕಿದ್ರೆ ಕೃಷಿ ಯಾಂತ್ರೀಕರಣ ಯೋಜನೇಲಿ ಸಾಮಾನ್ಯ ವರ್ಗದವರಿಗೆ 50%, ಎಸ್‌ಸಿ ಎಸ್‌ಟಿ ರೈತರಿಗೆ 90% ವರೆಗೆ ಸಹಾಯಧನ ಇರೋವಾಗ ಯಾರು ಪೂರ್ತಿ ದುಡ್ಡು ಕೊಟ್ಟು ಆನ್‌ಲೈನಲ್ಲಿ ತಗೋತಾರೆ? ಸಬ್ಸಿಡಿ ಸಿಗದೆ ಇರೋರೂ ರಿಪೇರಿಗೆ ಹತ್ತಿರ ಇರ್ಲಿ ಅಂತ ಪೇಟೆ ಡೀಲರ್ ಹತ್ರಾನೇ ತಗೋತಾರೆ. ಇನ್ನೊಂದು ವಿಷಯ, ಅಮೆಜಾನ್‌ನಲ್ಲಿ ನಮ್ಮ ಲಿಂಕ್ ಒತ್ತಿದವರು 24 ಗಂಟೆ ಒಳಗೆ ಕಾರ್ಟಿಗಾದ್ರೂ ಹಾಕ್ಬೇಕು, ಇಲ್ದಿದ್ರೆ ನಮ್ಮ ಲೆಕ್ಕಕ್ಕೆ ಬರಲ್ಲ. ಹತ್ತು ಸಾವಿರದ ಮಷಿನ್ ತಗೋಳೋ ರೈತ ಅಣ್ಣನ ಕೇಳಿ, ಪಕ್ಕದ ತೋಟದವರ ಕೇಳಿ, ಅಡಿಕೆ ದುಡ್ಡು ಬಂದ ಮೇಲೆ ನೋಡಣ ಅಂತಾನೆ. ಅಷ್ಟೊತ್ತಿಗೆ ನನ್ನ 24 ಗಂಟೆ ಮುಗಿದು ಎಷ್ಟೋ ದಿನ ಆಗಿರತ್ತೆ.

ಬೇಜಾರಾಗಿ ಬಿಡೋಣ ಅನ್ಕೊಂಡಿದ್ದೆ, ಬಿಡೋ ಮುಂಚೆ ಒಂದ್ಸಲ ಆರ್ಡರ್ ರಿಪೋರ್ಟ್ ಸಾಲು ಸಾಲಾಗಿ ನೋಡ್ದೆ. ಬಂದಿದ್ದ ಚೂರುಪಾರು ಕಮಿಷನ್ ಎಲ್ಲ ಒಂದೇ ಪೇಜಿಂದ. ಆ ಉಲ್ಟಾ ಥ್ರೆಡ್ ಬಗ್ಗೆ, ಚಿಕ್ಕಪ್ಪನ ಮಷಿನ್ ಫೋಟೋ ಹಾಕಿ, ಸುಮ್ನೆ ಬರೆದಿಟ್ಟಿದ್ದ ಪೇಜ್. ಅಲ್ಲಿಂದ ಹೋದವರು ನೈಲಾನ್ ದಾರದ ರೋಲ್, ಹೆಡ್, ಸ್ಪಾರ್ಕ್ ಪ್ಲಗ್, ಪೆಟ್ರೋಲಿಗೆ ಬೆರೆಸೋ 2ಟಿ ಆಯಿಲ್ ತಗೊಂಡಿದ್ರು. ಮುನ್ನೂರು, ಐನೂರು, ಏಳ್ನೂರು ರೂಪಾಯಿ ಐಟಮ್‌ಗಳು. ತೋಟದಲ್ಲಿ ಕೆಲಸ ನಿಂತಿದೆ, ಕೆಲಸದವರು ಕಾಯ್ತಿದಾರೆ, ಐನೂರು ರೂಪಾಯಿಗೆ ಯಾರನ್ನೂ ಕೇಳೋದು ಬೇಕಿಲ್ಲ, ಆ ಕ್ಷಣದಲ್ಲೇ ಆರ್ಡರ್ ಆಗತ್ತೆ. ಒಂದು ಆರ್ಡರಿಗೆ ಬರೋದು ಹತ್ತಿಪ್ಪತ್ತು ರೂಪಾಯಿ ಇರ್ಬಹುದು, ಆದ್ರೆ ದಾರ ಸವೀತಾನೇ ಇರತ್ತೆ, ಮತ್ತೆ ಬರ್ತಾರೆ.

ಅಲ್ಲಿಂದ ನಾನು ಮಷಿನ್ ಬಗ್ಗೆ ಬರೆಯೋದು ನಿಲ್ಸಿ ಮಷಿನ್ ತಗೊಂಡಾದ ಮೇಲೆ ಏನೇನು ಕೈ ಕೊಡತ್ತೆ ಅನ್ನೋದನ್ನ ಬರೆದೆ. 2.4 ಎಂಎಂ ದಾರ ಯಾವುದಕ್ಕೆ, 3 ಎಂಎಂ ಯಾವುದಕ್ಕೆ. ದಾರ ದುಂಡಗಿದ್ರೆ ಏನು, ಚೌಕ ಇದ್ರೆ ಏನು. ಶಾಫ್ಟ್ ಪೈಪ್ 26 ಎಂಎಂ ಇದ್ಯಾ 28 ಎಂಎಂ ಇದ್ಯಾ ಅಂತ ಅಳೆಯದೆ ಗೇರ್ ಹೆಡ್ ತರಿಸಿದ್ರೆ ಕೂರಲ್ಲ, ವಾಪಸ್ ಕಳಿಸ್ಬೇಕು, ವಾಪಸ್ ಹೋದ್ರೆ ಕಮಿಷನ್ನೂ ವಾಪಸ್. ಹಾಗಾಗಿ ಅಳತೆ ಹೇಗೆ ತಗೋಬೇಕು ಅಂತ ಸ್ಕೇಲ್ ಇಟ್ಟು ಫೋಟೋ ತೆಗೆದು ಹಾಕ್ದೆ, ರಿಟರ್ನ್ ಕಣ್ಣಿಗೆ ಕಾಣೋ ಹಾಗೆ ಕಮ್ಮಿ ಆಯ್ತು. ಪೆಟ್ರೋಲಿಗೆ ಆಯಿಲ್ ಬೆರೆಸೋ ಲೆಕ್ಕ ಒಂದು ಸಣ್ಣ ಟೇಬಲ್ ಮಾಡ್ದೆ, 50:1 ಅಂದ್ರೆ ಲೀಟರಿಗೆ 20 ಎಂಎಲ್, 25:1 ಅಂದ್ರೆ 40 ಎಂಎಲ್, ನಿಮ್ಮ ಮಷಿನ್ ಮ್ಯಾನುಯಲ್ ಏನು ಹೇಳತ್ತೋ ಅದೇ ಹಾಕಿ ಅಂತ. ಈ ಟೇಬಲ್ಲನ್ನ ಜನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪಲ್ಲಿ ಕಳಿಸ್ಕೋತಾರೆ, ನಂಗೆ ಅದರಿಂದ ಒಂದು ರೂಪಾಯಿ ಬರಲ್ಲ, ಆದ್ರೂ ನಂಗೆ ಅದೇ ಪೇಜ್ ಮೇಲೆ ಪ್ರೀತಿ ಜಾಸ್ತಿ.

ಹಂಗೆ ಬರೆದ ಮೇಲೆ ಬಂದ ಮೊದಲ ಮಳೆಗಾಲ, ಜೂನಿಂದ ಸೆಪ್ಟೆಂಬರ್ ವರೆಗೆ, 11 ಸಾವಿರ ಚಿಲ್ರೆ ಬಂತು. ದೊಡ್ಡ ದುಡ್ಡಲ್ಲ, ಆದ್ರೆ ಮೊಬೈಲ್ ಸೈಟಿಗೆ ಹಾಕಿದ ಶ್ರಮದ ಕಾಲು ಭಾಗನೂ ಹಾಕಿರ್ಲಿಲ್ಲ. ಇಂಗ್ಲಿಷ್ ಪೇಜುಗಳಿಗೆ ಕೇರಳದವರು ತುಂಬಾ ಬರ್ತಾರೆ, ಅಲ್ಲೂ ಅದೇ ಮಳೆ ಅದೇ ಹುಲ್ಲು. ಫೆಬ್ರವರಿ ಮಾರ್ಚಲ್ಲಿ ಯಾರೂ ಇರಲ್ಲ. ಜನ ಯಾವಾಗ ಎಷ್ಟು ಹುಡುಕ್ತಾರೆ ಅಂತ ತೋರ್ಸೋ ಗೂಗಲ್ ಟ್ರೆಂಡ್ಸಲ್ಲಿ ಐದು ವರ್ಷದ ಗೆರೆ ನೋಡಿದ್ರೆ ಪ್ರತಿ ಮಳೆಗಾಲ ಒಂದೊಂದು ಗುಡ್ಡ ಕಾಣತ್ತೆ, ಅದಕ್ಕೇ ಬರೆಯೋದೆಲ್ಲ ಏಪ್ರಿಲ್ ಒಳಗೆ ಮುಗಿಸ್ತೀನಿ.

ಈಗ ಹೊಸ ನಿಶ್ ನೋಡೋವಾಗ ಜನ ಏನು ಹುಡುಕ್ತಾರೆ ಅಂತ ತೋರ್ಸೋ ಟೂಲ್ ನಾನು ತೆಗೆಯೋದು ಕೊನೆಗೆ. ಮೊದಲು ರಿಪೇರಿ ಅಂಗಡೀಲಿ ಒಂದರ್ಧ ದಿನ ಕೂರ್ತೀನಿ, ಬಂದವರು ಏನು ಕೇಳ್ತಾರೆ ಅಂತ ಅವರ ಮಾತಲ್ಲೇ ಬರ್ಕೋತೀನಿ, ಯಾಕಂದ್ರೆ "ಬ್ರಷ್ ಕಟರ್ ಆಕ್ಸೆಸರೀಸ್" (ವೀಡ್ ಕಟರ್‌ಗೇ ಇನ್ನೊಂದು ಹೆಸರು ಬ್ರಷ್ ಕಟರ್) ಅಂತ ಯಾವ ರೈತನೂ ಹುಡುಕಲ್ಲ, "ದಾರ ಪದೇ ಪದೇ ಕಟ್ ಆಗತ್ತೆ" ಅಂತ ಹುಡುಕ್ತಾನೆ. ಆಮೇಲೆ ಅದೇ ಮಾತನ್ನ ಗೂಗಲಲ್ಲಿ ಅರ್ಧ ಟೈಪ್ ಮಾಡಿ ಕೆಳಗೆ ಏನು ಸಜೆಷನ್ ಬರತ್ತೆ ನೋಡ್ತೀನಿ. ಮೊದಲ ಪೇಜಲ್ಲಿ ಬರೀ ಮಾರೋ ಸೈಟುಗಳು, ಪ್ರಶ್ನೆಗೆ ಉತ್ತರ ಕೊಡದ ಹಳೇ ಪೇಜುಗಳು ಇದ್ರೆ ನಂಗೆ ಜಾಗ ಇದೆ ಅಂತ ಅರ್ಥ. ಅಮೆಜಾನಲ್ಲಿ ಆ ಐಟಮ್‌ನ ಒಂದು ಸ್ಟಾರ್, ಎರಡು ಸ್ಟಾರ್ ರಿವ್ಯೂ ಕೂತು ಓದ್ತೀನಿ. "ನನ್ನ ಮಷಿನಿಗೆ ಫಿಟ್ ಆಗ್ಲಿಲ್ಲ" ಅಂತ ಬೈಗುಳ ಜಾಸ್ತಿ ಇದ್ದಷ್ಟೂ ಬರೆಯೋಕೆ ವಿಷಯ ಜಾಸ್ತಿ ಇದೆ. ಕಮಿಷನ್ ರೇಟ್ ಯಾವ ಕೆಟಗರಿಗೆ ಎಷ್ಟು ಅಂತ ಅಮೆಜಾನ್‌ನವರದ್ದೇ ಟೇಬಲ್ ಇರತ್ತೆ, ಬದಲಾಗ್ತಾ ಇರತ್ತೆ, ಆಗಾಗ ನೋಡ್ಕೋಬೇಕು. ಹೊಸಬರಿಗೆ ಒಂದು ಮಾತು, ಅಮೆಜಾನ್ ಅಫಿಲಿಯೇಟ್ ಅಕೌಂಟ್ ಮಾಡಿ 180 ದಿನದೊಳಗೆ 3 ಮಾರಾಟ ಆಗ್ಬೇಕು, ನೀವೇ ನಿಮ್ಮ ಲಿಂಕಿಂದ ತಗೊಂಡಿದ್ದು ಲೆಕ್ಕಕ್ಕಿಲ್ಲ, ಆದ್ರಿಂದ ಬರೆಯೋದು ಒಂದಷ್ಟು ಆಗಿ ಜನ ಬರೋಕೆ ಶುರುವಾದ ಮೇಲೆ ಅಪ್ಲೈ ಮಾಡಿ.

ಎಲ್ಲಾ ಹಿಡಿಸಿದ್ದಲ್ಲ. ಅಡಿಕೆ ಸುಲಿಯೋ ಮಷಿನ್ ನೋಡ್ದೆ, ಅದನ್ನ ಜನ ತಯಾರಕರ ಹತ್ರಾನೇ ಹೋಗಿ ಸುಲಿಸಿ ನೋಡಿ ತಗೋತಾರೆ, ನಂಗೆ ಅಲ್ಲಿ ಕೆಲಸ ಇಲ್ಲ. ಕಳೆನಾಶಕದ ಬಗ್ಗೆ ಬರೆದ್ರೆ ಜನ ಬರ್ತಾರೆ ಅನ್ನೋದು ಗೊತ್ತು, ಆದ್ರೆ ನಮ್ಮ ತೋಟಕ್ಕೆ ನಾವೇ ಹೊಡೆಯದ ವಿಷಕ್ಕೆ ಲಿಂಕ್ ಕೊಡೋ ಮನಸ್ಸಾಗ್ಲಿಲ್ಲ, ಬಿಟ್ಟೆ. ಹಿಡಿಸಿದ್ದು ಬ್ಯಾಟರಿ ಸ್ಪ್ರೇಯರ್. ಅಲ್ಲೂ ಅದೇ ಕಥೆ, ಸ್ಪ್ರೇಯರ್ ಅಲ್ಲ, ಒಳಗಿನ 12 ವೋಲ್ಟ್ ಬ್ಯಾಟರಿ, ಚಾರ್ಜರ್, ಮೋಟಾರ್, ನಾಝಲ್. ಬ್ಯಾಟರಿ ಸತ್ತ ತಕ್ಷಣ ಸ್ಪ್ರೇಯರನ್ನೇ ಮೂಲೆಗೆ ಹಾಕೋರು ಎಷ್ಟೋ ಜನ, ಬ್ಯಾಟರಿ ಬದಲಾಯಿಸೋದು ನಾಲ್ಕು ಸ್ಕ್ರೂ ಎರಡು ವೈರಿನ ಕೆಲಸ ಅಷ್ಟೇ.

ಆ ರಿಪೇರಿ ಅಂಗಡಿಯವರು ಈಗ ನನಗೋಸ್ಕರ ಒಂದು ಹಳೇ ಪೇಂಟ್ ಡಬ್ಬ ಇಟ್ಟಿದಾರೆ, ಬದಲಾಯಿಸಿದ ಹಾಳು ಪಾರ್ಟ್ ಎಲ್ಲ ಅದಕ್ಕೆ ಹಾಕ್ತಾರೆ. ನಾನು ಹೋದಾಗ ನೆಲಕ್ಕೆ ಸುರುವಿ ಎಣಿಸ್ತೀನಿ. ಹೋದ ಸಲ ಪ್ಲಗ್‌ಗಿಂತ ಜಾಸ್ತಿ ಇದ್ದಿದ್ದು ಕಾರ್ಬೊರೇಟರ್ ಮತ್ತೆ ಪೆಟ್ರೋಲ್ ಒತ್ತಿ ಎಳ್ಕೊಳೋ ಆ ಸಣ್ಣ ಪ್ಲಾಸ್ಟಿಕ್ ಗುಳ್ಳೆ. ಮಳೆಗಾಲ ಮುಗಿದ ಮೇಲೆ ಟ್ಯಾಂಕಲ್ಲಿ ಪೆಟ್ರೋಲ್ ಹಾಗೇ ಬಿಟ್ಟು ಅಟ್ಟಕ್ಕೆ ಹಾಕಿಟ್ಟಿದ್ದ ಮಷಿನ್‌ಗಳದ್ದು ಅಂದ್ರು. ಮುಂದಿನ ಪೇಜ್ ಅದರ ಮೇಲೇ ಬರೀತಿದೀನಿ, ಫೋಟೋ ತೆಗೆದಾಗಿದೆ.